ಹದಿನೈದನೇ ದಿನದ ಲೆಕ್ಕ

ಪ್ರಶ್ನೆ: 2020ರ ಮೇ ತಿಂಗಳಲ್ಲಿ ನಮ್ಮ ಮೈದುನನ ಕುಟುಂಬ ಮುಂಬೈಯಿಂದ ಊರಿಗೆ ಬಂತು. ಕೋವಿಡ್ ಅಂತ 14 ದಿನ ಶಾಲೆಯಲ್ಲಿ ಬೇರೆ ಇಟ್ಟರು. ಆಮೇಲೂ ನಮ್ಮ ಚರ್ಚಿನ ಸಭೆಯವರು ಅವರ ಪಕ್ಕ ಕೂರಲಿಲ್ಲ. ನಾನೂ ಅವರಿಗೆ ಬೇರೆ ಲೋಟ ಇಟ್ಟೆ. ಈಗ ಅವರು ಚರ್ಚಿಗೇ ಬರುವುದಿಲ್ಲ. ಜೀವಭಯಕ್ಕೆ ದೂರ ನಿಂತದ್ದು ಪಾಪವೇ? ಕರ್ತನ ಭೋಜನದಲ್ಲಿ (ಯೇಸುವಿನ ನೆನಪಿಗೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವಾಗ) ಒಬ್ಬೊಬ್ಬರಿಗೂ ಬೇರೆ ಸಣ್ಣ ಲೋಟ ಕೊಡುವುದು ತಪ್ಪೇ?
– ಓದುಗ ಸಹೋದರಿ, ಯಾದಗಿರಿ ಜಿಲ್ಲೆ

ಉತ್ತರ: ಅಕ್ಕಾ, ಆ 14 ದಿನ ದೂರ ನಿಂತದ್ದು ಪಾಪ ಅಲ್ಲ. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯವರದ್ದೇ ಅಲ್ವಾ, ಇಲ್ಲಿನ ಭಯ ಸುಳ್ಳಲ್ಲ. 1527ರಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ಗೆ ಪ್ಲೇಗ್ ಬಂದಾಗ ಅಲ್ಲಿದ್ದ ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರ್ ಕೂಡ ಹೆಚ್ಚುಕಮ್ಮಿ ಇದನ್ನೇ ಬರೆದರು: ಔಷಧಿ ತಗೊಳ್ಳಬೇಕು, ಮನೆಗೆ ಹೊಗೆ ಹಾಕಬೇಕು, ಕೆಲಸವಿಲ್ಲದ ಕಡೆ ಹೋಗಬಾರದು, ಆದರೆ ನೆರೆಯವನಿಗೆ ನಾನು ಬೇಕು ಅಂದರೆ ಹೋಗಲೇಬೇಕು.

ನಾವು ತಪ್ಪಿದ್ದು 15ನೇ ದಿನ.

ಬೈಬಲಿನ ಯಾಜಕಕಾಂಡ ತೆಗೆದು ನೋಡಿ. ಕುಷ್ಠ ಬಂದವನು ಇಸ್ರಾಯೇಲ್ಯರ ಪಾಳೆಯದ (ಬಿಡಾರದ) ಹೊರಗೆ ಇರಬೇಕು ಅನ್ನುವ ಮಾತು 13ನೇ ಅಧ್ಯಾಯದ ಕೊನೆಕೊನೆಗೆ ಎರಡೇ ವಚನದಲ್ಲಿ ಮುಗಿಯುತ್ತದೆ. ವಾಸಿಯಾದವನನ್ನು ಒಳಗೆ ಕರೆತರುವ ಮಾತಿಗೆ ಮಾತ್ರ 14ನೇ ಅಧ್ಯಾಯದಲ್ಲಿ 32 ವಚನ! ಅದರಲ್ಲೂ ಮೊದಲು ಹೆಜ್ಜೆ ಇಡುವವನು ರೋಗಿ ಅಲ್ಲ, ಯಾಜಕನೇ ಪಾಳೆಯದ ಹೊರಗೆ ಹೋಗಿ ಅವನನ್ನು ನೋಡಬೇಕು. ಮೋಶೆಯ ಅಕ್ಕ ಮಿರ್ಯಾಮಳಿಗೆ ಚರ್ಮರೋಗ ಬಂದು ಏಳು ದಿನ ಹೊರಗಿದ್ದಾಗ, ಅವಳನ್ನು ಮತ್ತೆ ಸೇರಿಸಿಕೊಳ್ಳುವ ತನಕ ಇಡೀ ಜನ ಪ್ರಯಾಣ ನಿಲ್ಲಿಸಿದರು. ಬೈಬಲಿನ ಅರಣ್ಯಕಾಂಡ 12:15. ಎಷ್ಟು ದೊಡ್ಡ ಮಾತು ನೋಡಿ. ನಾವು ಮಾತ್ರ ಕಾಯದೆ ಮುಂದೆ ಹೋಗಿಬಿಟ್ಟೆವು. ಶಾಲೆಯ ಬೀಗ ತೆಗೆದರು, ಆದರೆ 'ಮುಂಬೈಯವರು' ಅನ್ನುವ ಹೆಸರು ಅವರಿಗೆ ಅಂಟಿಕೊಂಡಿತು. ಅವರು ಹುಟ್ಟಿದ್ದು ಇದೇ ಊರಲ್ಲಿ, ಹೊಟ್ಟೆಪಾಡಿಗೆ ದುಡಿಯಲು ಹೋದವರು ಅಷ್ಟೆ.

ಇನ್ನೊಂದು ಮಾತು, ಇದನ್ನು ಬರೆಯುವಾಗ ನನಗೂ ಎದೆ ಭಾರ. ಬೀದರ್, ಕಲಬುರಗಿ, ಯಾದಗಿರಿಯ ನಮ್ಮ ಸಭೆಗಳಲ್ಲಿ ಎಷ್ಟೋ ಜನರ ಅಜ್ಜ-ಮುತ್ತಜ್ಜಂದಿರು ಊರ ಹೊರಗಿನ ಕೇರಿಯವರು. ಬೇರೆ ಲೋಟ ಅಂದರೆ ಏನು, ಎತ್ತಿ ಹಾಕಿದ ನೀರು ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಲೋಟ ನಮ್ಮ ಅಡುಗೆಮನೆಗೆ ಹೇಗೆ ಬಂತು ಅಕ್ಕಾ? ನಿಮ್ಮೊಬ್ಬರನ್ನೇ ಕೇಳುತ್ತಿಲ್ಲ. ಆಗ ನಾನೂ ಒಂದು ಮನೆಯ ಬಾಗಿಲಲ್ಲೇ ನಿಂತು ಪ್ರಾರ್ಥನೆ ಮಾಡಿ ಬಂದಿದ್ದೆ. ಅವರು ವಾಸಿಯಾದ ಮೇಲೂ ಎಷ್ಟೋ ತಿಂಗಳು ಆ ಮನೆ ಒಳಗೆ ಹೋಗಲಿಲ್ಲ.

ಮಾರ್ಕನ ಸುವಾರ್ತೆಯ 1ನೇ ಅಧ್ಯಾಯದಲ್ಲಿ ಯೇಸು ಕುಷ್ಠರೋಗಿಯನ್ನು ಮುಟ್ಟಿ ಗುಣಮಾಡುತ್ತಾನೆ. ಕೊನೆಗೆ ಏನಾಗುತ್ತದೆ ನೋಡಿ: ಆ ಮನುಷ್ಯ ಊರಲ್ಲೆಲ್ಲಾ ಸುದ್ದಿ ಹೇಳಿಕೊಂಡು ಓಡಾಡುತ್ತಾನೆ, ಯೇಸು ಊರೊಳಗೆ ಬಹಿರಂಗವಾಗಿ ಹೋಗಲಾಗದೆ ಹೊರಗೆ ಉಳಿಯುತ್ತಾನೆ. ಇಬ್ಬರ ಜಾಗ ಅದಲುಬದಲಾಯಿತು.

ಸಣ್ಣ ಲೋಟದ ಬಗ್ಗೆ ಜಾಸ್ತಿ ಚಿಂತೆ ಬೇಡ. ಎಲ್ಲರಿಗೂ ಒಂದೇ ತರಹ ಕೊಟ್ಟರೆ ಅದು ಯಾರನ್ನೂ ಬೇರೆ ಮಾಡುವುದಿಲ್ಲ.

ಮೈದುನನನ್ನು ಚರ್ಚಿಗೆ ಕರೆಯುವ ಮೊದಲು ನೀವೇ ಅವರ ಮನೆಗೆ ಹೋಗಿ. ಸಭೆಯ ಹಿರಿಯರು ಒಬ್ಬಿಬ್ಬರು ಜೊತೆಗೆ ಬರಲಿ. 'ಹಳೇದೆಲ್ಲ ಮರೆತುಬಿಡಿ' ಅಂತ ಸುಮ್ನೆ ಹೇಳಬೇಡಿ, ಲೋಟದ ವಿಷಯ ನೀವೇ ಬಾಯಿಬಿಟ್ಟು ಹೇಳಿ. ಅವರು ಸಿಟ್ಟಾದರೆ ಆಗಲಿ, ಕೇಳಿಸಿಕೊಳ್ಳಿ. ರೊಟ್ಟಿ ಕೊಟ್ಟರೆ ಕೂತು ಉಂಡು ಬನ್ನಿ. ಕೊಡದಿದ್ದರೆ ಮುಂದಿನ ವಾರ ಮತ್ತೆ ಹೋಗಿ.