ಮಂತ್ರಿಗಿರಿ ಕೊಟ್ಟರು, ಖಜಾನೆ ಕೊಡಲಿಲ್ಲ

ಪ್ರಶ್ನೆ: 1919ರ ಕಾಯ್ದೆಯಿಂದ ಪ್ರಾಂತ್ಯಗಳಲ್ಲಿ ದ್ವಿಸರ್ಕಾರ ಬಂತು ಅಂತ ಓದಿದ್ದೇನೆ. ಆಗ ನಮ್ಮ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿನ ಭಾರತೀಯ ಮಂತ್ರಿಗಳಿಗೆ ನಿಜವಾಗಿ ಅಧಿಕಾರ ಇತ್ತಾ ಸರ್, ಇಲ್ಲ ಬರೀ ಹೆಸರಿಗಾ?
– ಪದವಿ ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಬರೀ ಹೆಸರಿಗೆ ಅನ್ನಲಾಗದು ತಾಯಿ. ಆಗ ಮದ್ರಾಸಿನಲ್ಲಿ ಮಂತ್ರಿಮಂಡಲ ನಡೆಸುತ್ತಿದ್ದ ಜಸ್ಟಿಸ್ ಪಕ್ಷದ ಕಾಲದಲ್ಲೇ, 1921ರಲ್ಲಿ, ಮದ್ರಾಸಿನ ಹೆಂಗಸರಿಗೆ ಮತದ ಹಕ್ಕು ಸಿಕ್ಕಿತು. ಆಸ್ತಿ, ತೆರಿಗೆಯ ಷರತ್ತಿನಿಂದ ಕೆಲವರಿಗೆ ಮಾತ್ರ, ನಿಜ. ಆದರೂ ಅದು ದೊಡ್ಡ ಹೆಜ್ಜೆ.

ದ್ವಿಸರ್ಕಾರ ಅಂದರೆ ಪ್ರಾಂತ್ಯದ ಇಲಾಖೆಗಳನ್ನು ಮಂತ್ರಿಗಳಿಗೆ ಒಂದು ಪಾಲು, ಗವರ್ನರ್‌ಗೆ ಒಂದು ಪಾಲು ಅಂತ ಹಂಚುವುದು. ತೊಡಕೆಲ್ಲ ಇದ್ದದ್ದು ಆ ಹಂಚಿಕೆಯಲ್ಲಿ. ಶಿಕ್ಷಣ, ಆರೋಗ್ಯ, ಕೃಷಿ, ಅಬಕಾರಿ ಮಂತ್ರಿಗಳಿಗೆ. ಪೊಲೀಸು, ಕಂದಾಯ, ನೀರಾವರಿ, ಮುಖ್ಯವಾಗಿ ಹಣಕಾಸು, ಗವರ್ನರ್ ಮತ್ತು ಅವರ ಕಾರ್ಯಕಾರಿ ಮಂಡಳಿಗೆ. ಶಾಲೆ ತೆರೆಯಬೇಕಾದವರು ಇವರು, ದುಡ್ಡು ಕೊಡಬೇಕಾದವರು ಅವರು! ಕೆ.ವಿ. ರೆಡ್ಡಿ ನಾಯ್ಡು ಅಂತ ಒಬ್ಬ ಮಂತ್ರಿ ಇದ್ದರು. ತಾನು ಕೃಷಿ ಮಂತ್ರಿ, ಆದರೆ ನೀರಾವರಿ ತನ್ನದಲ್ಲ. ಅಭಿವೃದ್ಧಿ ಮಂತ್ರಿ, ಆದರೆ ಕಾಡು ತನ್ನದಲ್ಲ. ಕೈಗಾರಿಕೆ ತನ್ನದು, ಆದರೆ ಕಾರ್ಖಾನೆ, ವಿದ್ಯುತ್ತು, ಗಣಿ, ಕಾರ್ಮಿಕರು ಯಾವುದೂ ತನ್ನದಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. ನೀರಿಲ್ಲದೆ ಕೃಷಿ ಮಾಡು ಅಂದರೆ ಯಾರಿಂದ ಆಗುತ್ತೆ ಹೇಳಿ?

ನನಗೆ ಜಾಸ್ತಿ ಸಿಟ್ಟು ಬರುವುದು ಅಬಕಾರಿ ವಿಷಯಕ್ಕೆ. ಮಂತ್ರಿಗಳ ಇಲಾಖೆಗಳಲ್ಲಿ ಚೆನ್ನಾಗಿ ದುಡ್ಡು ಬರುತ್ತಿದ್ದದ್ದು ಅದೊಂದರಿಂದ. ಹೆಂಡ, ಸಾರಾಯಿ ನಿಲ್ಲಿಸಿ ಅಂತ ಜನ ಕೇಳಿದರೆ, ನಿಲ್ಲಿಸಿದ ಮೇಲೆ ಶಾಲೆ, ಆಸ್ಪತ್ರೆಗೆ ಎಲ್ಲಿಂದ ತರೋದು ಅನ್ನುವ ಪ್ರಶ್ನೆ ಎದುರಾಗುತ್ತಿತ್ತು.

1935ರ ಕಾಯ್ದೆ ಪ್ರಾಂತ್ಯಗಳಲ್ಲಿ ಈ ಹಂಚಿಕೆ ತೆಗೆದುಹಾಕಿತು. 1937ರ ಜುಲೈನಲ್ಲಿ ಕಾಂಗ್ರೆಸ್ಸಿನ ರಾಜಾಜಿ, ಅಂದರೆ ಸಿ. ರಾಜಗೋಪಾಲಾಚಾರಿ, ಮದ್ರಾಸಿನ ಪ್ರಧಾನಿಯಾದರು (ಪ್ರಾಂತ್ಯದ ಮುಖ್ಯಮಂತ್ರಿಯನ್ನು ಆಗ ಹಾಗೇ ಕರೆಯುತ್ತಿದ್ದರು), ಹಣಕಾಸನ್ನು ತಾವೇ ಇಟ್ಟುಕೊಂಡರು, ಅಕ್ಟೋಬರ್‌ನಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದೇಬಿಟ್ಟರು. ಅದರಿಂದ ಬಿದ್ದ ಹೊಡೆತ ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆ ಹಾಕಿದರು. ಖಜಾನೆ ಕೈಲಿದ್ದರೆ ಎಷ್ಟು ವ್ಯತ್ಯಾಸ ಅಲ್ವಾ?

ಹಾಗಂತ ಗವರ್ನರ್ ಸುಮ್ನೆ ಮೂಲೆ ಸೇರಲಿಲ್ಲ. ವಿಶೇಷಾಧಿಕಾರ ಅವರ ಬಳಿಯೇ ಉಳಿಯಿತು. ಭಾರತೀಯರನ್ನು ಒಂದು ಮಾತೂ ಕೇಳದೆ ವೈಸರಾಯ್ ದೇಶವನ್ನು ಎರಡನೇ ಮಹಾಯುದ್ಧಕ್ಕೆ ಎಳೆದಾಗ, ರಾಜಾಜಿ ಸರ್ಕಾರ 1939ರ ಅಕ್ಟೋಬರ್ ಕೊನೆಗೆ ರಾಜೀನಾಮೆ ಕೊಟ್ಟಿತು. ಆಮೇಲೆ 1946ರ ತನಕ ಮದ್ರಾಸನ್ನು ಆಳಿದ್ದು ಗವರ್ನರೇ.

ಪ್ರಶ್ನೆ: ಇದೆಲ್ಲ ಮೈಸೂರಿಗೂ ಅನ್ವಯಿಸಿತ್ತಾ?
– ಓದುಗ, ಮಂಡ್ಯ

ಉತ್ತರ: ಇಲ್ಲ. ಮೈಸೂರು ಮಹಾರಾಜರ ಸಂಸ್ಥಾನ. ಅಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು, 1907ರಲ್ಲಿ ನ್ಯಾಯವಿಧಾಯಕ ಸಭೆಯೂ (ಕಾನೂನು ರಚನೆಯ ಸಭೆ) ಬಂತು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಕಡೆಯವರು ಮಾತ್ರ ಬಳ್ಳಾರಿಯವರ ಹಾಗೇ ಈ ಕಾಯ್ದೆಗಳ ಕೆಳಗೇ ಬದುಕಿದರು, ಬೊಂಬಾಯಿ ಪ್ರಾಂತ್ಯದಲ್ಲಿ.