ತಮ್ಮನ ಪಾಸ್‌ಪೋರ್ಟ್ ಬ್ಯಾಂಕಾಕ್‌ನಲ್ಲಿ ಕಳೆದಿದ್ದರೆ ಹಾಸನದಲ್ಲಿ ಓಡಾಡಬೇಡಿ

ತಮ್ಮ ಬ್ಯಾಂಕಾಕ್‌ನಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡಿದ್ದಾನೆ, ಅವನ ವಾಪಸ್ ಟಿಕೆಟ್ ಇನ್ನು ಮೂರು ದಿನಕ್ಕಿದೆ, ಹಾಸನದ ಪಾಸ್‌ಪೋರ್ಟ್ ಕೌಂಟರ್‌ನಲ್ಲಿ ಅರ್ಜಿ ತೆಗೆದುಕೊಳ್ಳಲಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ನಿಮ್ಮನ್ನು ಅಲ್ಲಿಂದ ವಾಪಸ್ ಕಳಿಸಿದ್ದು ಬಹುಶಃ ಇದಕ್ಕೇ: ಕಳೆದುಕೊಂಡವರು ಹೊರದೇಶದಲ್ಲಿದ್ದರೆ ಅವರ ಪರವಾಗಿ ಇಲ್ಲಿ ಅರ್ಜಿ ಹಾಕಲು ಬರುವುದಿಲ್ಲ. ನಿಮ್ಮ ತಮ್ಮನಿಗೆ ಈಗ ಬೇಕಿರುವುದು ಎಮರ್ಜೆನ್ಸಿ ಸರ್ಟಿಫಿಕೇಟ್. ಭಾರತಕ್ಕೆ ಒಂದು ಸಲ ವಾಪಸ್ ಬರಲು ಮಾತ್ರ ನಡೆಯುವ ಕಾಗದ ಅದು, ಬ್ಯಾಂಕಾಕ್‌ನ ಭಾರತೀಯ ರಾಯಭಾರ ಕಚೇರಿ ಕೊಡುತ್ತದೆ.

ಮೊದಲು ಅಲ್ಲಿನ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಲಿ. ಆಮೇಲೆ ಆ ಪ್ರತಿ, ಫೋಟೊ, ಟಿಕೆಟ್, ಹಳೆ ಪಾಸ್‌ಪೋರ್ಟಿನ ಜೆರಾಕ್ಸ್ ಹಿಡಿದು ರಾಯಭಾರ ಕಚೇರಿಗೆ ಹೋಗಲಿ. ಜೆರಾಕ್ಸ್ ಮನೆಯ ಬೀರುವಿನಲ್ಲೇ ಇರುತ್ತದೆ ಅಲ್ವಾ, ಹುಡುಕಿ ಆಧಾರ್ ಜೊತೆ ವಾಟ್ಸಾಪ್ ಮಾಡಿ. ನಮ್ಮ ಭಾವನ ವಿಷಯದಲ್ಲಿ ಇದೇ ಜಾಸ್ತಿ ನೆರವಾಯಿತು.

ಇಷ್ಟಕ್ಕೇ ವಿಮಾನ ನಿಲ್ದಾಣಕ್ಕೆ ಓಡಬಾರದು. ಥಾಯ್ಲೆಂಡಿಗೆ ಬಂದಾಗ ಒತ್ತಿದ ಮುದ್ರೆ ಕಳೆದ ಪಾಸ್‌ಪೋರ್ಟಿನಲ್ಲೇ ಹೋಯಿತಲ್ಲ, ಅದನ್ನು ಹೊಸ ಕಾಗದದ ಮೇಲೆ ಅಲ್ಲಿನ ಇಮಿಗ್ರೇಶನ್ ಕಚೇರಿಯಲ್ಲಿ ಹಾಕಿಸಬೇಕು. ಸುಮಾರು ಜನ ಮರೆಯುವುದು ಇದನ್ನೇ.

ಮೂರು ದಿನದಲ್ಲಿ ಎಲ್ಲ ಮುಗಿಯುತ್ತದೋ ಇಲ್ಲವೋ ಹೇಳಲಾರೆ, ಟಿಕೆಟ್ ಮುಂದಕ್ಕೆ ಹಾಕಲು ಆಗುತ್ತಾ ಈಗಲೇ ಕೇಳಿ. ನೇರ ವಿಮಾನವೇ ಇರಲಿ. ನಡುವೆ ಹಳೆ ಪಾಸ್‌ಪೋರ್ಟ್ ಸಿಕ್ಕಿತು ಅಂತ ಅದರಲ್ಲಿ ಹೊರಡಬೇಡಿ, ಕಳೆದಿದೆ ಎಂದು ಬರೆಸಿದ ಮೇಲೆ ಅದು ರದ್ದು. ಊರಿಗೆ ಬಂದ ಮೇಲೆ ಮರುವಿತರಣೆಗೆ ಅರ್ಜಿ ಹಾಕಿದರಾಯಿತು, ಪೊಲೀಸ್ ದೂರಿನ ಪ್ರತಿ ಆಗಲೂ ಬೇಕು.