ಗಂಡ ಸಹಿ ಹಾಕದಿದ್ದರೆ ಎರಡು ವರ್ಷದ ಗ್ರೀನ್ ಕಾರ್ಡ್ ಏನಾಗುತ್ತದೆ?

ಪ್ರಶ್ನೆ: ಅಮೆರಿಕನ್ ಸಿಟಿಜನ್ ಆಗಿರುವ ನಮ್ಮ ಕಡೆಯ ಹುಡುಗನನ್ನೇ ಮದುವೆಯಾಗಿ ಇಲ್ಲಿಗೆ ಬಂದೆ. ಎರಡು ವರ್ಷದ ಗ್ರೀನ್ ಕಾರ್ಡ್ ಇದೆ, ಇನ್ನು ನಾಲ್ಕು ತಿಂಗಳಿಗೆ ಮುಗಿಯುತ್ತದೆ. ಈಗ ನಮ್ಮಿಬ್ಬರ ನಡುವೆ ಸರಿಯಿಲ್ಲ. ಎರಡು ವರ್ಷದ ಷರತ್ತು ತೆಗೆಸಿ ಕಾರ್ಡನ್ನು ಕಾಯಂ ಮಾಡಿಸಿಕೊಳ್ಳಲು ಹಾಕುವ ಐ-751 ಫಾರ್ಮಿಗೆ ಸಹಿ ಹಾಕಲ್ಲ, ಕಾರ್ಡ್ ಕ್ಯಾನ್ಸಲ್ ಮಾಡಿಸ್ತೀನಿ ಅಂತಿದ್ದಾರೆ. ನಾನು ಊರಿಗೆ ವಾಪಸ್ ಹೋಗಲೇಬೇಕಾ?

ಉತ್ತರ:

ಹೋಗಬೇಕಾಗಿಲ್ಲ. ಅವರ ಸಹಿ ಇಲ್ಲದೆ ನೀವೊಬ್ಬರೇ ಅರ್ಜಿ ಹಾಕಬಹುದು. ಕಾನೂನಿನಲ್ಲೇ ಅದಕ್ಕೆ ದಾರಿ ಇದೆ. ನಾನು ವಕೀಲೆ ಅಲ್ಲ, ಆದರೆ ಆ ದಾರಿಯಲ್ಲೇ ನಡೆದು ಬಂದವಳು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನ್ನ ಮದುವೆ ಆಗಿದ್ದು 2020ರ ಫೆಬ್ರವರಿಯಲ್ಲಿ, ಮೈಸೂರಿನಲ್ಲಿ. ಮುಂದಿನ ತಿಂಗಳೇ ಲಾಕ್‌ಡೌನ್. ಮುಂಬೈ ಕಾನ್ಸುಲೇಟ್‌ನಲ್ಲಿ ವೀಸಾ ಕೆಲಸ ನಿಂತುಹೋಯಿತು. ಕೊನೆಗೆ ನಾನು ನ್ಯೂಜೆರ್ಸಿಗೆ ಬಂದಿಳಿದಿದ್ದು 2021ರ ನವೆಂಬರ್‌ನಲ್ಲಿ. ಬಂದಿಳಿಯುವ ದಿನಕ್ಕೆ ಮದುವೆಗೆ ಎರಡು ವರ್ಷ ತುಂಬಿದ್ದರೆ 10 ವರ್ಷದ ಕಾರ್ಡ್ ಕೊಡುತ್ತಾರೆ, ತುಂಬಿಲ್ಲದಿದ್ದರೆ 2 ವರ್ಷದ್ದು. ಇನ್ನು ಮೂರೇ ತಿಂಗಳು ತಡವಾಗಿ ಬಂದಿದ್ದರೆ ಐ-751 ಎಂಬ ಹೆಸರೇ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಒಂದು ವರ್ಷ ಕಳೆಯುವಷ್ಟರಲ್ಲಿ ಮನೆ ಮುರಿಯಿತು. ಯಾಕೆ ಅನ್ನುವುದು ಇಲ್ಲಿ ಬೇಡ. 2023ರ ಜನವರಿಯಲ್ಲಿ ನಾನು ಬೇರೆ ರೂಮು ಹಿಡಿದೆ. ನೀವು ಕೇಳಿಸಿಕೊಳ್ಳುತ್ತಿರುವ ಮಾತನ್ನೇ ನಾನೂ ಕೇಳಿಸಿಕೊಂಡೆ. "ಸ್ಪಾನ್ಸರ್ ಮಾಡಿದ್ದು ನಾನು, ಕ್ಯಾನ್ಸಲ್ ಮಾಡಿಸೋದೂ ನಾನೇ."

ಆ ಮಾತಿನ ಹೆದರಿಕೆ ಮೊದಲು ತೆಗೆದುಹಾಕಿ. ಕಾರ್ಡ್ ನಿಮ್ಮದು. ಗಂಡ ಒಂದು ಫೋನ್ ಮಾಡಿದರೆ, ಒಂದು ಪತ್ರ ಬರೆದರೆ ಅದು ರದ್ದಾಗುವುದಿಲ್ಲ. ನಿಮ್ಮನ್ನು ಕರೆಸಿಕೊಳ್ಳುವಾಗ ಅವರು ಐ-864 ಅನ್ನುವ ಫಾರ್ಮಿಗೆ ಸಹಿ ಹಾಕಿರುತ್ತಾರೆ, ಈಕೆಯ ಖರ್ಚಿಗೆ ನಾನು ಜವಾಬ್ದಾರಿ ಅಂತ. ನೀವು ಕಾಯಂ ನಿವಾಸಿ ಆದಮೇಲೆ ಅದನ್ನು ವಾಪಸ್ ಪಡೆಯುವ ಹಾಗಿಲ್ಲ. ಡಿವೋರ್ಸ್ ಆದರೂ ಆ ಜವಾಬ್ದಾರಿ ಮುಗಿಯುವುದಿಲ್ಲ. ಇದು ನನಗೆ ಗೊತ್ತಾದ ದಿನ ರಾತ್ರಿ, ಎಷ್ಟೋ ವಾರಗಳ ನಂತರ, ಸರಿಯಾಗಿ ನಿದ್ದೆ ಬಂತು.

ಈ ಎರಡು ವರ್ಷದ ಷರತ್ತು ಬಂದಿದ್ದು 1986ರ ಒಂದು ಕಾನೂನಿನಿಂದ. ಕಾರ್ಡಿಗೋಸ್ಕರ ಸುಳ್ಳು ಮದುವೆ ಮಾಡಿಕೊಳ್ಳುವುದನ್ನು ತಡೆಯಬೇಕು ಅನ್ನುವುದು ಅದರ ಉದ್ದೇಶ. ಹಾಗಾಗಿ ಸರ್ಕಾರ ಕೇಳುವ ಮುಖ್ಯ ಪ್ರಶ್ನೆ ಒಂದೇ: ಮದುವೆಯಾಗುವಾಗ ಅದು ನಿಜವಾದ ಮದುವೆಯಾಗಿತ್ತಾ? ಮದುವೆ ಉಳಿಯಿತಾ, ಮುರಿಯಿತಾ ಅನ್ನುವುದು ಬೇರೆ ಮಾತು. ಇದು ನಮ್ಮವರಿಗೆ ಅರ್ಥವಾಗುವುದು ಕಷ್ಟ. ಸಂಸಾರ ಮುರಿದರೆ ತಪ್ಪು ನಮ್ಮದೇ, ಶಿಕ್ಷೆಯೂ ನಮಗೇ ಅಂತ ತಲೆಯಲ್ಲಿ ಕೂತಿರುತ್ತದೆ ಅಲ್ವಾ? ಈ ಕಾನೂನು ಹಾಗೆ ನೋಡುವುದಿಲ್ಲ.

ಗಂಡ ಹೆಂಡತಿ ಸೇರಿ ಅರ್ಜಿ ಹಾಕುವುದಾದರೆ ಕಾರ್ಡ್ ಮುಗಿಯುವ ತಾರೀಖಿಗೆ ಮುಂಚಿನ 90 ದಿನಗಳ ಒಳಗೇ ಹಾಕಬೇಕು. ಒಂಟಿಯಾಗಿ ಹಾಕುವುದಕ್ಕೆ ವೇವರ್ ಅನ್ನುತ್ತಾರೆ, ಅಂದರೆ ಜಂಟಿ ಸಹಿಯಿಂದ ವಿನಾಯಿತಿ. ಅದಕ್ಕೆ ಈ 90 ದಿನದ ಲೆಕ್ಕ ಇಲ್ಲ, ಮುಂಚೆಯೂ ಹಾಕಬಹುದು. ಆದರೆ ಕಾರ್ಡಿನ ತಾರೀಖು ದಾಟಲು ಮಾತ್ರ ಬಿಡಬೇಡಿ. ಏನೂ ಹಾಕದೆ ಆ ದಿನ ದಾಟಿದರೆ ನಿಮ್ಮ ಸ್ಟೇಟಸ್ ತಾನಾಗಿಯೇ ಹೋಗುತ್ತದೆ, ಇಮಿಗ್ರೇಷನ್ ಕೋರ್ಟಿಗೆ ಬನ್ನಿ ಅಂತ ನೋಟಿಸ್ ಬರುತ್ತದೆ.

ವೇವರ್ ಸಿಗುವುದು ಇಂಥ ಸಂದರ್ಭಗಳಲ್ಲಿ: ಮದುವೆ ನಿಜವಾಗಿ ಆಗಿ ಆಮೇಲೆ ಡಿವೋರ್ಸ್ ಆಗಿದ್ದರೆ, ಗಂಡ ತೀರಿಕೊಂಡಿದ್ದರೆ, ಹೊಡೆತ ಅಥವಾ ವಿಪರೀತ ಹಿಂಸೆ ಇದ್ದರೆ, ದೇಶ ಬಿಟ್ಟು ಕಳಿಸಿದರೆ ತೀರಾ ದೊಡ್ಡ ಕಷ್ಟ ಆಗುವುದಿದ್ದರೆ. ಹಿಂಸೆ ಅಂದರೆ ಬರೀ ಹೊಡೆತವಲ್ಲ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು, ಕೈಗೆ ಒಂದು ರೂಪಾಯಿ ಕೊಡದೆ ಕೂಡಿಹಾಕುವುದು, ದಿನಾ ಗಡೀಪಾರಿನ ಬೆದರಿಕೆ ಹಾಕುವುದು, ಇಂಥವನ್ನೂ ನೋಡುತ್ತಾರೆ. ಹಿಂಸೆಯ ಕಾರಣಕ್ಕೆ ಹಾಕುವ ಅರ್ಜಿಗೆ ಡಿವೋರ್ಸ್ ಆಗಿರಲೇಬೇಕು ಅಂತೇನೂ ಇಲ್ಲ. ಆ ಅರ್ಜಿಯ ವಿಷಯವನ್ನು ಅಧಿಕಾರಿಗಳು ನಿಮ್ಮ ಗಂಡನಿಗೆ ಹೇಳುವ ಹಾಗೂ ಇಲ್ಲ. ನಿಮ್ಮ ಮನೆಯಲ್ಲಿ ಇದೇ ನಡೆಯುತ್ತಿದ್ದರೆ ದಯವಿಟ್ಟು ನಾಚಿಕೆಪಟ್ಟು ಮುಚ್ಚಿಡಬೇಡಿ. ನ್ಯೂಜೆರ್ಸಿಯಲ್ಲಿ ಮಾನವಿ, ನ್ಯೂಯಾರ್ಕ್‌ನಲ್ಲಿ ಸಖಿ, ಹ್ಯೂಸ್ಟನ್‌ನಲ್ಲಿ ದಯಾ, ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮೈತ್ರಿ, ಇವೆಲ್ಲ ನಮ್ಮ ಕಡೆಯ ಹೆಂಗಸರಿಗೆಂದೇ ಇರುವ ಸಂಸ್ಥೆಗಳು. ಅತ್ತೆ ಮಾವ, ಒಡವೆ, ಊರಲ್ಲಿ ಮರ್ಯಾದೆ, ಇದನ್ನೆಲ್ಲ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನನ್ನದು ಡಿವೋರ್ಸ್ ದಾರಿ. ಇಲ್ಲಿ ಸಮಯದ ಲೆಕ್ಕ ಸರಿಯಾಗಿ ಹಾಕಬೇಕು. ಬೇರೆ ಇದ್ದೇವೆ ಅಂದರೆ ಸಾಲದು, ಕೋರ್ಟಿನ ಡಿಕ್ರಿ ಬೇಕು. ಪ್ರತಿ ರಾಜ್ಯಕ್ಕೂ ಬೇರೆ ನಿಯಮ. ನ್ಯೂಜೆರ್ಸಿಯಲ್ಲಿ ಹೊಂದಾಣಿಕೆ ಇಲ್ಲ ಅನ್ನುವ ಕಾರಣಕ್ಕೆ ಕೇಳುವುದಾದರೆ ಆ ಪರಿಸ್ಥಿತಿ ಆರು ತಿಂಗಳಿಂದ ಇರಬೇಕು, ಜೊತೆಗೆ ಒಂದು ವರ್ಷ ಆ ರಾಜ್ಯದಲ್ಲಿ ವಾಸ ಆಗಿರಬೇಕು. ಟೆಕ್ಸಾಸ್‌ನಲ್ಲಿ ಅರ್ಜಿ ಹಾಕಿದ ಮೇಲೆ ಕಡಿಮೆಯೆಂದರೆ 60 ದಿನ ಕಾಯಬೇಕು. ನಿಮಗೆ ಇರುವುದು ನಾಲ್ಕು ತಿಂಗಳು. ಈ ವಾರವೇ ಫ್ಯಾಮಿಲಿ ವಕೀಲರೊಬ್ಬರನ್ನು, ಇಮಿಗ್ರೇಷನ್ ವಕೀಲರೊಬ್ಬರನ್ನು ನೋಡಿ. ಒಬ್ಬರೇ ಎರಡನ್ನೂ ಮಾಡುವುದು ಅಪರೂಪ. ಕಾರ್ಡ್ ಮುಗಿಯುವಷ್ಟರಲ್ಲಿ ಡಿಕ್ರಿ ಕೈಗೆ ಬರದಿದ್ದರೂ, ಕೇಸು ನಡೆಯುತ್ತಿದೆ ಅಂತ ತೋರಿಸಿ ಅರ್ಜಿ ಹಾಕಿದವರು ಇದ್ದಾರೆ. ಅಂಥವರಿಗೆ ಸಾಮಾನ್ಯವಾಗಿ 87 ದಿನದ ಒಳಗೆ ಡಿಕ್ರಿ ಕಳಿಸಿ ಅಂತ ಪತ್ರ ಬರುತ್ತದೆ. ಅಷ್ಟರಲ್ಲಿ ಬರದಿದ್ದರೆ ತೊಂದರೆ. ಈ ಒಂದು ವಿಷಯದಲ್ಲಿ ನಿಮ್ಮ ವಕೀಲರ ಮಾತೇ ಕೊನೆ ಮಾತಾಗಲಿ, ನನ್ನದಲ್ಲ.

ಇನ್ನು ದಾಖಲೆಗಳ ವಿಷಯ. ನನ್ನ ಕೇಸು ನಿಂತಿದ್ದೇ ಇದರ ಮೇಲೆ. ಮನೆ ಬಿಡುವ ಮುಂಚೆಯೇ ಇದನ್ನು ಮಾಡಿಕೊಳ್ಳಿ. ಬಿಟ್ಟಮೇಲೆ ಡ್ರಾಯರ್ ನಿಮ್ಮ ಕೈಗೆ ಸಿಗುವುದಿಲ್ಲ.

ಇಬ್ಬರ ಹೆಸರೂ ಇರುವ ಬಾಡಿಗೆ ಕರಾರು, ಜಾಯಿಂಟ್ ಅಕೌಂಟಿನ ಸ್ಟೇಟ್‌ಮೆಂಟ್, ಸೇರಿ ಕಟ್ಟಿದ ಟ್ಯಾಕ್ಸ್, ಕಾರಿನ ಮತ್ತು ಆರೋಗ್ಯದ ಇನ್ಶೂರೆನ್ಸ್, ಇವು ಎಲ್ಲರೂ ಹೇಳುತ್ತಾರೆ. ಆದರೆ ನಮ್ಮಂಥವರ ತೊಂದರೆ ಏನು ಅಂದರೆ, ಬಂದ ಹೊಸದರಲ್ಲಿ ಎಲ್ಲವೂ ಗಂಡನ ಹೆಸರಲ್ಲೇ ಇರುತ್ತದೆ. ನನ್ನ ಹೆಸರಿಗೆ ಬಾಡಿಗೆಯೂ ಇರಲಿಲ್ಲ, ಕರೆಂಟ್ ಬಿಲ್ಲೂ ಇರಲಿಲ್ಲ. ನನ್ನ ವಕೀಲೆ, "ಚಿಕ್ಕದು ಅಂತ ಏನನ್ನೂ ಬಿಡಬೇಡಿ, ತನ್ನಿ" ಅಂದರು. ಹುಡುಕುತ್ತಾ ಹೋದೆ. ಫ್ಯಾಮಿಲಿ ಫೋನ್ ಪ್ಲಾನಿನ ಬಿಲ್ ಸಿಕ್ಕಿತು. ಗಂಡನ ಆಫೀಸಿನ ಇನ್ಶೂರೆನ್ಸ್‌ನಲ್ಲಿ ನನ್ನ ಹೆಸರಿನ ಕಾರ್ಡ್ ಸಿಕ್ಕಿತು. ಡೆಂಟಿಸ್ಟ್ ಹತ್ತಿರ ತುಂಬಿದ ಫಾರ್ಮಿನಲ್ಲಿ ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಅನ್ನುವ ಜಾಗದಲ್ಲಿ ಅವರ ಹೆಸರಿತ್ತು. 2022ರ ಮಾರ್ಚ್‌ನಲ್ಲಿ ದೋಸೆಗೆ ಅಂತ ತರಿಸಿದ ವೆಟ್ ಗ್ರೈಂಡರ್‌ನ ಬಿಲ್ ಇಮೇಲಿನಲ್ಲಿತ್ತು. ದುಡ್ಡು ಕೊಟ್ಟಿದ್ದು ಅವರ ಕಾರ್ಡು, ಡೆಲಿವರಿ ನನ್ನ ಹೆಸರಿಗೆ, ವಿಳಾಸ ಒಂದೇ. ಆ ಬಿಲ್ಲನ್ನು ನೋಡುತ್ತಾ ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಪ್ರಿಂಟ್ ತೆಗೆದೆ.

ಲಗ್ನಪತ್ರಿಕೆಯನ್ನೂ ಇಟ್ಟೆ. ಅದು ಕನ್ನಡದಲ್ಲಿ ಇದ್ದಿದ್ದರಿಂದ ಇಂಗ್ಲಿಷ್ ಅನುವಾದ ಬೇಕಿತ್ತು. ಎರಡೂ ಭಾಷೆ ಬಲ್ಲ ಯಾರಾದರೂ ಅನುವಾದ ಮಾಡಿ, ಇದು ಪೂರ್ತಿ ಮತ್ತು ಸರಿಯಾಗಿದೆ, ನನಗೆ ಈ ಎರಡು ಭಾಷೆ ಬರುತ್ತದೆ ಅಂತ ಬರೆದು ಸಹಿ ಹಾಕಿದರೆ ಸಾಕು. ಏಜೆನ್ಸಿಗೆ ದುಡ್ಡು ಸುರಿಯಬೇಕಾಗಿಲ್ಲ. ನಮ್ಮ ಕನ್ನಡ ಕೂಟದ ಮೇಡಂ ಒಬ್ಬರು ಅವರ ಊಟದ ಟೇಬಲ್ ಮೇಲೆ ಕೂತು ಮಾಡಿಕೊಟ್ಟರು. "ಚಿ॥ ಸೌ॥" ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು ಅಂತ ಅರ್ಧ ಗಂಟೆ ಯೋಚಿಸಿದರು. ಮುಹೂರ್ತ, ಲಗ್ನ, ಛತ್ರದ ವಿಳಾಸ, ಕೆಳಗೆ ಸಾಲಾಗಿ ಅಜ್ಜಿ ತಾತ ಚಿಕ್ಕಪ್ಪ ದೊಡ್ಡಮ್ಮಂದಿರ ಹೆಸರು, ಕೊನೆಗೆ "ಆಶೀರ್ವಾದವೇ ಉಡುಗೊರೆ", ಒಂದನ್ನೂ ಬಿಡಲಿಲ್ಲ. ಅಷ್ಟು ಜನ ಹಿರಿಯರು ಹೆಸರು ಹಾಕಿಸಿ ನಿಂತು ಮಾಡಿದ ಮದುವೆ ಸುಳ್ಳು ಅಂತ ಯಾರು ತಾನೇ ಹೇಳುತ್ತಾರೆ?

ನಿಮ್ಮಿಬ್ಬರನ್ನೂ ಬಲ್ಲ ಕನಿಷ್ಠ ಇಬ್ಬರಿಂದ ಪ್ರಮಾಣಪತ್ರ ಬರೆಸಿಕೊಳ್ಳಿ. "ಇವರು ಒಳ್ಳೆಯ ದಂಪತಿ" ಅಂತ ಒಂದು ಸಾಲು ಬರೆದರೆ ಪ್ರಯೋಜನವಿಲ್ಲ. ಯಾವಾಗ ಮನೆಗೆ ಬಂದಿದ್ದರು, ಏನು ನೋಡಿದರು ಅಂತ ಬರೆಯಬೇಕು. ನನ್ನ ಪಕ್ಕದ ಮನೆಯ ಗುಜರಾತಿ ಆಂಟಿ ಬರೆದಿದ್ದು: ಹಿಮ ಬಿದ್ದ ದಿನ ಇಬ್ಬರೂ ಸೇರಿ ನನ್ನ ಮನೆ ಮುಂದಿನ ಮೆಟ್ಟಿಲು ಕ್ಲೀನ್ ಮಾಡಿಕೊಟ್ಟರು, ಹುಡುಗಿ ಅವತ್ತು ಮೊದಲ ಸಲ ಹಿಮ ನೋಡಿದ್ದಳು.

ಮೂರು ವಿಷಯದಲ್ಲಿ ತುಂಬಾ ಹುಷಾರಾಗಿರಿ. ಒಂದು, ಅವರ ಸಹಿಯನ್ನು ನೀವು ಹಾಕಬೇಡಿ, ಬೇರೆ ಬೇರೆ ಇದ್ದೂ ಒಟ್ಟಿಗೆ ಇದ್ದೇವೆ ಅಂತ ಬರೆಯಬೇಡಿ. ನಿಜವಾದ ಮದುವೆಯನ್ನು ನೀವೇ ಸುಳ್ಳು ಮಾಡಿದ ಹಾಗಾಗುತ್ತದೆ. ಎರಡು, ಸಹಿ ಹಾಕಲು ದುಡ್ಡು ಕೊಡು, ಒಡವೆ ಬಿಟ್ಟುಕೊಡು ಅಂದರೆ ಒಪ್ಪಬೇಡಿ. ಆ ಸಹಿ ಇಲ್ಲದೆಯೂ ನಿಮಗೆ ದಾರಿ ಇದೆ. ಮೂರು, "ಒಂದ್ ಸಲ ಊರಿಗೆ ಹೋಗಿ ಹಿರಿಯರ ಮುಂದೆ ಮಾತಾಡಿಕೊಂಡು ಬರೋಣ" ಅಂದರೆ ಈಗ ಬೇಡ ಅನ್ನಿ. ಊರಿಗೆ ಕರೆದುಕೊಂಡು ಹೋಗಿ, ಪಾಸ್‌ಪೋರ್ಟೂ ಗ್ರೀನ್ ಕಾರ್ಡೂ ತೆಗೆದುಕೊಂಡು, ಹೆಂಡತಿಯನ್ನು ತವರಲ್ಲಿ ಬಿಟ್ಟು ಬಂದವರಿದ್ದಾರೆ. ಅಮ್ಮ ಫೋನಿನಲ್ಲಿ ಅತ್ತಾಗ ಹೋಗದೇ ಇರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೂ ಅರ್ಜಿ ಹಾಕಿ ರಸೀದಿ ಬರುವವರೆಗೆ ತಡೆದುಕೊಳ್ಳಿ. ಕಾರ್ಡಿನ ಎರಡೂ ಬದಿಯ ಫೋಟೋ ಇವತ್ತೇ ತೆಗೆದು ಅಣ್ಣನಿಗೋ ಗೆಳತಿಗೋ ಕಳಿಸಿಡಿ.

ಅರ್ಜಿಯ ಫೀ 2024ರ ಏಪ್ರಿಲ್‌ನಿಂದ 750 ಡಾಲರ್. ನಾನು 2023ರ ಸೆಪ್ಟೆಂಬರ್‌ನಲ್ಲಿ, ಡಿಕ್ರಿ ಬಂದ ತಿಂಗಳಿಗೆ, ಬೆರಳ ಗುರುತು ತೆಗೆಯುವ ಫೀಯೂ ಸೇರಿ 680 ಕಟ್ಟಿದ್ದೆ. ಹಣ ಕಟ್ಟುವ ರೀತಿ, ಕಳಿಸುವ ವಿಳಾಸ ಬದಲಾಗುತ್ತಿರುತ್ತವೆ. ಕಳಿಸುವ ದಿನವೇ ಯುಎಸ್‌ಸಿಐಎಸ್ (ಈ ಅರ್ಜಿಗಳನ್ನು ನೋಡುವ ಅಮೆರಿಕದ ಇಮಿಗ್ರೇಷನ್ ಇಲಾಖೆ) ಪುಟ ನೋಡಿಕೊಳ್ಳಿ. ಇಡೀ ಕಟ್ಟಿನ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಮನೆ ಬದಲಾಯಿಸಿದರೆ 10 ದಿನದ ಒಳಗೆ ಹೊಸ ವಿಳಾಸ ತಿಳಿಸಬೇಕು, ಇಲ್ಲದಿದ್ದರೆ ಪತ್ರಗಳು ಹಳೇ ಮನೆಗೆ, ಅವರ ಕೈಗೆ ಹೋಗುತ್ತವೆ.

ಕೆಲವು ವಾರಕ್ಕೆ ರಸೀದಿ ಪತ್ರ ಬರುತ್ತದೆ. 2023ರಿಂದ ಆ ಪತ್ರ ನಿಮ್ಮ ಕಾರ್ಡನ್ನು 48 ತಿಂಗಳು ಮುಂದಕ್ಕೆ ಹಾಕುತ್ತದೆ. ಮುಗಿದ ಕಾರ್ಡು, ಈ ಪತ್ರ, ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ಕೆಲಸವನ್ನೂ ಮಾಡಬಹುದು, ಊರಿಗೂ ಹೋಗಿಬರಬಹುದು. ನಾನು 2024ರಲ್ಲಿ ಅಪ್ಪನ ಆಪರೇಷನ್‌ಗೆ ಹೋಗಿ ವಾಪಸ್ ಬರುವಾಗ ಬೆಂಗಳೂರು ಏರ್‌ಪೋರ್ಟಿನ ಚೆಕ್-ಇನ್ ಹುಡುಗ ಕಾರ್ಡ್ ಮುಗಿದಿದೆ ಅಂದ. ಪತ್ರ ತೋರಿಸಿದೆ. ಮೇಲಿನವರನ್ನು ಕೇಳಿ ಬಂದು ಬೋರ್ಡಿಂಗ್ ಪಾಸ್ ಕೊಟ್ಟ. ಮೂಲ ಪತ್ರವನ್ನೇ ಒಯ್ಯಿರಿ, ಝೆರಾಕ್ಸ್ ಅಲ್ಲ. ಮತ್ತೆ ಆರು ತಿಂಗಳು ಮೀರಿ ಹೊರಗೆ ಉಳಿಯಬೇಡಿ.

ಒಂಟಿ ಅರ್ಜಿಗೆ ಸಂದರ್ಶನ ಇರುತ್ತದೆ ಅಂತಲೇ ತಯಾರಾಗಿ. ನನ್ನದು 2025ರಲ್ಲಿ ಆಯಿತು. ಕೈ ಎತ್ತಿಸಿ ಪ್ರಮಾಣ ಮಾಡಿಸಿದರು. ಎಲ್ಲಿ ಪರಿಚಯ, ಏರ್‌ಪೋರ್ಟಿಗೆ ಯಾರು ಬಂದರು, ಮೊದಲ ಮನೆಯಲ್ಲಿ ಎಷ್ಟು ರೂಮು, ಯಾಕೆ ಮುರಿಯಿತು. ಕೊನೇ ಪ್ರಶ್ನೆಗೆ ಗಂಟಲು ಕಟ್ಟಿತು. ಅಧಿಕಾರಿ ಟಿಶ್ಯೂ ಪೆಟ್ಟಿಗೆ ಈಚೆ ತಳ್ಳಿ, ಸಾವಕಾಶ ಹೇಳಿ ಅಂದರು. ನಾನು ಯಾರನ್ನೂ ಬಯ್ಯಲಿಲ್ಲ, ಆಗಿದ್ದನ್ನು ಆದ ಹಾಗೆ ಹೇಳಿದೆ. ಲಗ್ನಪತ್ರಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಈ ಹೆಸರುಗಳೆಲ್ಲ ಯಾರದು ಅಂತ ಕೇಳಿದರು. ಮೂರು ವಾರಕ್ಕೆ 10 ವರ್ಷದ ಕಾರ್ಡ್ ಬಂತು.

ಸಿಟಿಜನ್‌ಶಿಪ್‌ಗೆ ಮೂರು ವರ್ಷದ ದಾರಿ ಇರುವುದು ಸಿಟಿಜನ್ ಗಂಡನ ಜೊತೆ ಸಂಸಾರ ಮಾಡುತ್ತಿರುವವರಿಗೆ. ನಮಗೆ ಐದು ವರ್ಷ. ಆದರೆ ಲೆಕ್ಕ ಶುರುವಾಗುವುದು ಮೊದಲ ಕಾರ್ಡಿನ ದಿನದಿಂದಲೇ, ಈ ಎರಡು ವರ್ಷ ಸುಮ್ನೆ ಹೋಗುವುದಿಲ್ಲ.

ಇಲ್ಲಿನ ಡಿವೋರ್ಸ್ ಊರಲ್ಲಿ ನಡೆಯುತ್ತಾ ಅಂತ ನಮ್ಮಣ್ಣ ಕೇಳಿದ್ದ. ನಿಮ್ಮ ಮನೆಯವರೂ ಕೇಳಬಹುದು. 1991ರಲ್ಲೇ ಭಾರತದ ಸುಪ್ರೀಂ ಕೋರ್ಟ್ ಈ ಬಗ್ಗೆ ತೀರ್ಪು ಕೊಟ್ಟಿದೆ. ಹೊರದೇಶದ ಕೋರ್ಟಿನಲ್ಲಿ ಒಬ್ಬರೇ ಹೋಗಿ, ನಮ್ಮ ಕಾನೂನಿನಲ್ಲಿ ಇಲ್ಲದ ಕಾರಣಕ್ಕೆ ತಂದ ಡಿಕ್ರಿ ಭಾರತದಲ್ಲಿ ನಿಲ್ಲುವುದಿಲ್ಲ. ಇಬ್ಬರೂ ಹಾಜರಾಗಿ ಒಪ್ಪಿಕೊಂಡಿದ್ದರೆ ನಿಲ್ಲುತ್ತದೆ. ಗ್ರೀನ್ ಕಾರ್ಡಿಗೆ ಇಲ್ಲಿನ ಡಿಕ್ರಿ ಸಾಕು. ಊರಿನ ವಿಷಯವನ್ನು ಅಲ್ಲಿನ ವಕೀಲರ ಹತ್ತಿರ ಬೇರೆಯಾಗಿ ಕೇಳಿ, ಎರಡನ್ನೂ ಒಂದಕ್ಕೊಂದು ಗಂಟು ಹಾಕಿಕೊಂಡು ಕೂರಬೇಡಿ.

ನೀವು ಯಾವ ರಾಜ್ಯದಲ್ಲಿದ್ದೀರಿ, ಕಾರ್ಡ್ ಮುಗಿಯುವ ತಿಂಗಳು ಯಾವುದು, ಅಷ್ಟು ಮಾತ್ರ ಕೆಳಗೆ ಬರೆಯಿರಿ. ಹೆಸರು, ಕಾರ್ಡ್ ನಂಬರ್ ಇಲ್ಲಿ ಹಾಕಬೇಡಿ. ನಿಮ್ಮ ಲಗ್ನಪತ್ರಿಕೆಯೂ ಕನ್ನಡದಲ್ಲಿದ್ದರೆ ಹೇಳಿ, ಅನುವಾದ ನಾನು ಮಾಡಿಕೊಡುತ್ತೇನೆ. "ಚಿ॥ ಸೌ॥"ಗೆ ಏನು ಬರೆಯಬೇಕು ಅಂತ ಈಗ ಗೊತ್ತು.